ಅಜ್ಜಿಗೂ ಒಂದು ಕಿವಿಮಾತು

ಕನ್ನಡದಲ್ಲಿ ವೈದ್ಯವಿಜ್ಞಾನವನ್ನು ಅಡುಗೆಮನೆಯ ಹೊಸ್ತಿಲವರೆಗೆ ತಂದು ನಿಲ್ಲಿಸಿದವರಲ್ಲಿ ಅಗ್ರಗಣ್ಯರಾದ ಡಾ. ಅನುಪಮಾ ನಿರಂಜನರ ಪುಸ್ತಕಗಳ ಹೆಸರುಗಳನ್ನಷ್ಟೇ ಓದಿದರೂ ಅವರು ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆದರೆಂಬುದು ವಿಶದವಾಗುತ್ತದೆ: ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’. ಮದುವೆಯಾಗಲಿರುವ ಹುಡುಗಿ, ಹೊಸದಾಗಿ ಸಂಸಾರ ಹೂಡಿದ ಗೃಹಿಣಿ, ಚೊಚ್ಚಲ ಬಸುರಿ, ಇವರೇ ಅವರ ಶ್ರೋತೃಗಳು; ಆ ಕಾಲದಲ್ಲಿ ಇವರೊಡನೆ ಅಷ್ಟು ಮಾತನಾಡುವುದಕ್ಕೂ ಗಟ್ಟಿ ಎದೆ ಬೇಕಾಗಿತ್ತೆಂಬುದನ್ನು ಮರೆಯಲಾಗದು. ಆದರೆ ನಾಲ್ಕೈದು ದಶಕಗಳ ಹಿಂದೆ ಅಂಥ ಪುಸ್ತಕಗಳನ್ನು ದಿಂಬಿನಡಿಯಲ್ಲಿ ಬಚ್ಚಿಟ್ಟು ಓದಿದ ವಧುಗಳು ಈಗ ಅರುವತ್ತೈದು ಎಪ್ಪತ್ತರ ಪ್ರಾಯದ ಅಜ್ಜಿಯರಾಗಿ, ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ, ಮೊಮ್ಮಕ್ಕಳ ಶಾಲೆಯ ವ್ಯಾನು ಬರುವ ಹೊತ್ತನ್ನು ಕಾಯುತ್ತ ಜಗಲಿಯಲ್ಲಿ ಕುಳಿತಿದ್ದಾರೆ. ಇವರಿಗೆ ಮೊಣಕಾಲಿನ ವಿಷಯ, ಸಕ್ಕರೆ ಕಾಯಿಲೆಯ ವಿಷಯ, ಕಣ್ಣಿನ ಪೊರೆಯ ವಿಷಯ ಹೇಳುವವರು ಬೇಕಾದಷ್ಟು ಮಂದಿ; ಸ್ಪರ್ಶದ, ಸುಖದ ವಿಷಯ ಬಂದಿತೋ, “ಇನ್ನೆಂತ ಈ ಪ್ರಾಯದಲ್ಲಿ?” ಎಂಬ ಒಂದು ನಗೆಯಲ್ಲಿ ಮಾತು ಮುಗಿದುಹೋಗುತ್ತದೆ. ಆ ನಗೆಯಲ್ಲಿ ತಾವೂ ಪಾಲ್ಗೊಂಡು, ಮನಸ್ಸಿನೊಳಗೆ ಮಾತ್ರ ಸಮಾಧಾನವಾಗದೆ ಉಳಿದ ಹೆಂಗಸರಿಗಾಗಿ ಈ ಲೇಖನ.

ಇಂಥ ಸಂಕೋಚ ನಮ್ಮ ನೆಲಕ್ಕೆ ಹುಟ್ಟುಗುಣವೆಂದು ಭಾವಿಸಲು ಕಾರಣವಿಲ್ಲ. 16ನೆಯ ಶತಮಾನದಲ್ಲಿ ಮೂಡುಬಿದಿರೆಯಲ್ಲಿ ಬಾಳಿದ ರತ್ನಾಕರವರ್ಣಿಯು ತನ್ನ ‘ಭರತೇಶ ವೈಭವ’ದ ಮೊದಲ ಭಾಗವನ್ನು ‘ಭೋಗವಿಜಯ’ವೆಂದೇ ಕರೆದು, ಚಕ್ರವರ್ತಿಯ ಗೃಹಸುಖವನ್ನು ಮುಚ್ಚುಮರೆಯಿಲ್ಲದೆ ವರ್ಣಿಸಿ, ಆ ಭೋಗಿಯನ್ನೇ ಯೋಗಿಯನ್ನಾಗಿಯೂ ಕಂಡವನು; ಅಲ್ಲಿಯೂ ಸುಖದ ಕೇಂದ್ರದಲ್ಲಿರುವವನು ಪುರುಷನೇ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ಸಾಧುವಾದುದೇ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ, ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ಧ್ವನಿಮುದ್ರಿಸಿಕೊಂಡು 1998ರಲ್ಲಿ ಅಚ್ಚು ಹಾಕಿಸಿದ, 15,683 ಸಾಲುಗಳ ಸಿರಿಯ ಪಾಡ್ದನದಲ್ಲಿ, ನಾಯಿಕೆ ಸಿರಿಯು ತನ್ನನ್ನು ಅವಮಾನಿಸಿದ ಕಾಂತು ಪೂಂಜನನ್ನು ತಾನಾಗಿಯೇ ತೊರೆದು ಮುಂದೆ ಕೊಡ್ಸರ ಆಳ್ವನ ಕೈಹಿಡಿಯುತ್ತಾಳೆ. ಹಾಗೆ ಮಾಡಿದವಳನ್ನು ತುಳುನಾಡಿನ ಹೆಂಗಸರು ಇಂದಿಗೂ ಜಾತ್ರೆಯಲ್ಲಿ ಮೈಮೇಲೆ ಆವಾಹಿಸಿಕೊಳ್ಳುತ್ತಾರೆ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು 1968ರಲ್ಲಿ ಪ್ರಕಟಿಸಿದ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಂತೂ ಕಾಮದ ವಿಷಯವನ್ನು ಎಲ್ಲರಿಗಿಂತ ನಿರ್ಭಿಡೆಯಿಂದ ಮೊಮ್ಮಗನೊಡನೆ ಚರ್ಚಿಸುವವಳು ಎಂಬತ್ತರ ಆಸುಪಾಸಿನ ಬಾಲವಿಧವೆ. ಪರಂಪರೆಯಲ್ಲಿ ಇಷ್ಟೆಲ್ಲ ಧಾರಾಳವಿದ್ದರೂ ಅದರಿಂದ ಯಾರ ಉರಿಮೂತ್ರವೂ ವಾಸಿಯಾಗುವುದಿಲ್ಲವಾದುದರಿಂದ, ಕಾವ್ಯವನ್ನು ಇಲ್ಲಿಗೇ ಬಿಟ್ಟು ದೇಹದ ಕಡೆಗೆ ತಿರುಗುವುದು ಮೇಲು.

ಮುಟ್ಟು ಬಾರದೆ ಪೂರ್ತಿ 12 ತಿಂಗಳು ಕಳೆದರೆ ಅದು ನಿಂತಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಾಶ್ಚಾತ್ಯ ದೇಶಗಳ ಸ್ತ್ರೀಯರಿಗೆ ಈ ಘಟ್ಟ ಸರಾಸರಿ 51ರಲ್ಲಿ ಬರುವುದಾದರೆ ನಮ್ಮ ದೇಶದವರಿಗೆ 46–47ರಲ್ಲಿಯೇ ಬರುತ್ತದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡವರಿಗೆ ಯಾವ ಪ್ರಾಯದಲ್ಲಾದರೂ ಒಮ್ಮೆಗೇ ಬಂದುಬಿಡುತ್ತದೆ. ಎಪ್ಪತ್ತೈದರವರೆಗೆ ಬದುಕುವವಳು, ಹೀಗಾಗಿ, ತನ್ನ ಆಯುಷ್ಯದ ಮೂರರಲ್ಲೊಂದು ಪಾಲಿಗೂ ಮಿಕ್ಕ ಕಾಲವನ್ನು ಮುಟ್ಟು ನಿಂತ ಮೇಲೆಯೇ ಕಳೆಯುತ್ತಾಳೆ. ಅಂಡಾಶಯವು ಈಸ್ಟ್ರೋಜನ್ ಎಂಬ ಅಂತಃಸ್ರಾವವನ್ನು ಸ್ರವಿಸದಾದಾಗ ಯೋನಿಯ ಒಳಪದರ ತೆಳುವಾಗಿ, ತೇವ ಕುಗ್ಗಿ, ಹಿಗ್ಗುವ ಗುಣ ಇಳಿದು, ಅಲ್ಲಿದ್ದುಕೊಂಡು ಆಮ್ಲತೆಯನ್ನು ಕಾಪಾಡುತ್ತಿದ್ದ ಹಿತಕರ ಸೂಕ್ಷ್ಮಜೀವಿಗಳು ವಿರಳವಾಗುತ್ತವೆ. ತುರಿಕೆ, ಉರಿ, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು, ಕೂಡುವಾಗ ತರಚಿದಂಥ ನೋವು, ಇವೆಲ್ಲ ಈ ಒಂದೇ ಬೇರಿನ ಚಿಗುರುಗಳು. ಇಲ್ಲಿ ಗಮನಿಸಬೇಕಾದ ಒಂದು ಭೇದವುಂಟು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯೆಲ್ಲ ಬಿಸಿಯೇರಿ ಬೆವರುವುದು ಕೆಲವು ವರ್ಷಗಳಲ್ಲಿ ಬಹುಮಟ್ಟಿಗೆ ತಾನಾಗಿ ಇಳಿಯುತ್ತದೆ. ಶುಷ್ಕತೆಯಾದರೋ ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೆಚ್ಚುತ್ತ ಹೋಗುತ್ತದೆ. ಆದುದರಿಂದ “ಸ್ವಲ್ಪ ಸಮಯ ತಡೆದುಕೊಂಡರೆ ಸರಿಹೋಗ್ತದೆ” ಎಂಬ ಹಿರಿಯರ ಸಾಂತ್ವನ ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ನೋವಾಗುವುದನ್ನು ಕಂಡ ಅದೆಷ್ಟೋ ದಂಪತಿಗಳು ಅದನ್ನು ದೇಹವೇ ಕೊಟ್ಟ ಅಂತಿಮ ತೀರ್ಪೆಂದು ಭಾವಿಸಿ ಹಾಸಿಗೆಗಳನ್ನು ಬೇರೆ ಮಾಡಿಕೊಳ್ಳುತ್ತಾರೆ. ಸುಖವನ್ನು ಗ್ರಹಿಸುವ ಶಕ್ತಿ ಮುಟ್ಟಿನೊಡನೆ ಹೊರಟುಹೋಗುವಂಥದಲ್ಲವೆಂಬುದು ಅವರಿಗೆ ತಿಳಿದಿರುವುದಿಲ್ಲ. ಸ್ತ್ರೀಸುಖಕ್ಕೆ ಮುಖ್ಯ ಸ್ಥಾನವಾದದ್ದು ಮೂತ್ರದ್ವಾರಕ್ಕಿಂತ ಮೇಲ್ಗಡೆ, ತೊಗಲಿನ ಮಡಿಕೆಯ ಕೆಳಗೆ ಇರುವ ಭಗಾಂಕುರ. ಗರ್ಭಧಾರಣೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಸಂತಾನದ ಕಾಲ ಮುಗಿದ ಮೇಲೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ವೃದ್ಧ ಸ್ತ್ರೀಯರ ದೇಹದ ಪ್ರತಿಕ್ರಿಯೆ ನಿಧಾನವಾಗುವುದೇ ಹೊರತು ಸುಖದ ಪರಾಕಾಷ್ಠೆಯನ್ನು ಮುಟ್ಟುವ ಸಾಮರ್ಥ್ಯ ಅಳಿಯುವುದಿಲ್ಲವೆಂದು ದಾಖಲಾಗಿದೆ. ಅದೇ ದೇಶದಲ್ಲಿ 57ರಿಂದ 85 ವರ್ಷದವರೆಗಿನ 3,005 ಮಂದಿಯನ್ನು ವಿಚಾರಿಸಿ 2007ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, 57–64ರ ಪ್ರಾಯದವರಲ್ಲಿ ಶೇಕಡಾ 73, 65–74ರವರಲ್ಲಿ 53, 75 ದಾಟಿದವರಲ್ಲಿ 26 ಮಂದಿ ಲೈಂಗಿಕವಾಗಿ ಸಕ್ರಿಯರಾಗಿದ್ದರು. ಪುರುಷರಿಗಿಂತ ಸ್ತ್ರೀಯರ ಪ್ರಮಾಣ ಕಡಿಮೆಯಿದ್ದುದಕ್ಕೆ ಒಂದು ದೊಡ್ಡ ಕಾರಣ ಅವರಿಗೆ ಸಂಗಾತಿಯೇ ಇಲ್ಲದಿದ್ದುದು. ಅಮೆರಿಕದ ಲೆಕ್ಕವನ್ನು ಪುಂಜಾಲಕಟ್ಟೆಗೆ ಹೊಂದಿಸುವುದು ಸರಿಯಲ್ಲವಾದರೂ ದೇಹಧರ್ಮ ಎಲ್ಲೆಡೆಯೂ ಒಂದೇ. ಬದಲಾಗುವುದು ಕ್ರಮ: ಯೌವನದಲ್ಲಿ ಬಯಕೆ ಮೊದಲು ಹುಟ್ಟಿ ಸ್ಪರ್ಶ ಅನಂತರ ಬರುತ್ತಿದ್ದರೆ, ಪ್ರಾಯ ಸಂದ ಮೇಲೆ ಹಿತವಾದ ಸ್ಪರ್ಶ ಮೊದಲು ಒದಗಿ ಬಯಕೆ ಅದರ ಬೆನ್ನಿಗೆ ಮೂಡುವುದೇ ಹೆಚ್ಚು. ಮಳೆಗಾಲದ ಸೌದೆ ಹೊತ್ತಿಕೊಳ್ಳಲು ಹೊತ್ತು ಬೇಕು. ಹೊತ್ತಲಿಲ್ಲವೆಂದು ಒಲೆಯನ್ನೇ ಒಡೆಯುವವರಿಲ್ಲ.

ಶುಷ್ಕತೆಗೆ ಉಪಾಯಗಳು ಮೂರು ಮೆಟ್ಟಿಲಿನವು. ಮೊದಲನೆಯದು ಕೂಡುವ ಹೊತ್ತಿಗೆ ಹಚ್ಚಿಕೊಳ್ಳುವ ಲೂಬ್ರಿಕೆಂಟ್ ಜೆಲ್. ನೀರಿನಲ್ಲಿ ಕರಗುವಂಥದು ಮೆಡಿಕಲ್ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಪರಿಮಳ ಬೆರೆಸಿದ್ದು ಬೇಡ. ಎರಡನೆಯದು ಕೂಡಲಿ ಬಿಡಲಿ, ವಾರಕ್ಕೆ ಎರಡು ಮೂರು ಬಾರಿ ಒಳಗೆ ಹಾಕಿಕೊಳ್ಳುವ ತೇವಕಾರಕ. ಇದು ದಿನನಿತ್ಯದ ಉರಿ ತುರಿಕೆಗೂ ಒಳ್ಳೆಯದು. ಮೂರನೆಯದು ವೈದ್ಯರು ಪರೀಕ್ಷಿಸಿ ಬರೆದುಕೊಡುವ ಈಸ್ಟ್ರೋಜನ್ ವರ್ಗದ ಕ್ರೀಮು: ಸಾಮಾನ್ಯವಾಗಿ ಎರಡು ವಾರ ಪ್ರತಿರಾತ್ರಿ, ಆಮೇಲೆ ವಾರಕ್ಕೆರಡು ಬಾರಿ, ಅಲ್ಪ ಪ್ರಮಾಣದಲ್ಲಿ ಯೋನಿಯೊಳಗೇ ಹಚ್ಚುವಂಥದಾದುದರಿಂದ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಹಲವು ವಾರ ಬಿಡದೆ ಬಳಸಿದರೆ ಒಳಪದರ ಮತ್ತೆ ದಪ್ಪನಾಗಿ ತೇವ ಮರಳುತ್ತದೆ, ಮೂತ್ರದ ಸೋಂಕೂ ಕಡಿಮೆಯಾಗುತ್ತದೆ. ನಿಲ್ಲಿಸಿದರೆ ಶುಷ್ಕತೆ ತಿರುಗಿ ಬರುವುದರಿಂದ, ಗುಣವಾಯಿತೆಂದು ನಡುವೆ ಬಿಡತಕ್ಕದ್ದಲ್ಲ. ಸ್ತನದ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದವರು ಮಾತ್ರ ಆ ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ನಮ್ಮ ಕಡೆಯ ಪ್ರತಿಯೊಂದು ಮನೆಯಲ್ಲಿರುವ ತೆಂಗಿನೆಣ್ಣೆಯ ಮಾತೇನೆಂದು ಕೇಳುವವರಿದ್ದಾರೆ. ಶುದ್ಧವಾದದ್ದನ್ನು ಸ್ವಲ್ಪ ಹಚ್ಚಿ ನೋಡಿ ಉರಿಯಾಗದಿದ್ದರೆ ಬಳಸಲು ಅಡ್ಡಿಯಿಲ್ಲ. ಎಣ್ಣೆಯು ರಬ್ಬರನ್ನು ಹಾಳುಮಾಡುವುದರಿಂದ ಕಾಂಡೋಮ್ ಬಳಸುವಾಗ ಮಾತ್ರ ಕೂಡದು. ಬಾಟಲಿಯನ್ನು ಬೇರೆ ಇಡಬೇಕು, ತಲೆಗೆ ಹಚ್ಚುವ, ಒಗ್ಗರಣೆಗೆ ಹೋಗುವ ಬಾಟಲಿ ಆಗಬಾರದು. ಸಾಬೂನಿನಿಂದಲೂ ಕ್ರಿಮಿನಾಶಕ ದ್ರಾವಣಗಳಿಂದಲೂ ಒಳಭಾಗವನ್ನು ತೊಳೆಯುವ ಅಭ್ಯಾಸವಂತೂ, ಮಡಿಯ ಹೆಸರಿನಲ್ಲಿ ಎಷ್ಟೇ ಪುರಾತನವಾಗಿರಲಿ, ಇದ್ದ ತೇವವನ್ನೂ ಕಳೆಯುತ್ತದೆ. ಹದವಾದ ನೀರೇ ಸಾಕು.

ನೋವು ಅಲ್ಲಿ ಮಾತ್ರ ಇರುವುದಲ್ಲ. ಬಂಟ್ವಾಳ ಬೆಳ್ತಂಗಡಿಯ ಸಾವಿರಾರು ಹೆಂಗಸರು ಮಡಿಲಲ್ಲಿ ತಡ್ಪೆಯನ್ನಿಟ್ಟುಕೊಂಡು, ಕೊರಳು ಬಗ್ಗಿಸಿ, ಬೆಳಗಿನಿಂದ ಸಂಜೆಯವರೆಗೆ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವರು; ಉಳಿದವರು ಅಡಿಕೆ ಸುಲಿದವರು, ಗದ್ದೆಯಲ್ಲಿ ನೇಜಿ ನೆಟ್ಟವರು. ಅರುವತ್ತರ ಹೊತ್ತಿಗೆ ಸೊಂಟ, ತೊಡೆಸಂದು, ಮೊಣಕಾಲು ಮೂರೂ ಹಿಡಿದುಕೊಂಡಿರುವಾಗ ಹಳೆಯ ರೀತಿಯಲ್ಲಿಯೇ ಮಲಗಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಮಗ್ಗುಲಾಗಿ ಮಲಗಿ ಗಂಡನಿಗೆ ಬೆನ್ನು ಮಾಡಿ, ಮೊಣಕಾಲುಗಳ ನಡುವೆ ಒಂದು ದಿಂಬನ್ನಿಟ್ಟುಕೊಂಡರೆ ಸೊಂಟಕ್ಕೆ ಭಾರ ಬೀಳುವುದಿಲ್ಲ. ಅಂಗಾತ ಮಲಗುವವರು ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಚಾಪೆಯನ್ನೋ ದಿಂಬನ್ನೋ ಕೊಡಬಹುದು. ಮಂಚದ ಅಂಚಿನಲ್ಲಿ ಕುಳಿತುಕೊಳ್ಳುವುದೂ ಒಂದು ಉಪಾಯ. ಬಚ್ಚಲು ಹಂಡೆಯ ಬಿಸಿನೀರಿನ ಸ್ನಾನ ಮುಗಿಸಿ ಸಂದುಗಳು ಸಡಿಲವಾದ ಹೊತ್ತು ಪ್ರಶಸ್ತ. ನೋವಿನ ಮಾತ್ರೆ ನುಂಗುವವರು ಅದು ಪರಿಣಾಮ ತೋರುವ ಸಮಯವನ್ನು ನೋಡಿಕೊಳ್ಳಬಹುದು. ರಾತ್ರಿಯೇ ಆಗಬೇಕೆಂಬುದೂ ಇಲ್ಲ. ದಿನದ ದಣಿವು ಇನ್ನೂ ಏರದ ಬೆಳಗಿನ ಜಾವ ಪ್ರಾಯದವರಿಗೆ ಹೆಚ್ಚು ಒಗ್ಗುತ್ತದೆ.

ಹೆಚ್ಚು ಹೆತ್ತವರಲ್ಲಿ, ಭಾರ ಹೊತ್ತವರಲ್ಲಿ ಗರ್ಭಕೋಶ ಜಾರುವುದು ಅಪರೂಪವಲ್ಲ. ಕೆಳಗೆ ಏನೋ ತೂಗಿದಂತೆ, ಗಂಟು ಕೈಗೆ ಸಿಕ್ಕಿದಂತೆ ಆಗುವುದನ್ನು ಹತ್ತು ವರ್ಷ ಸೀರೆಯ ನೆರಿಗೆಯಲ್ಲಿ ಬಚ್ಚಿಟ್ಟು, ಗಂಡ ಬಳಿಗೆ ಬಂದರೆ ಗೊತ್ತಾಗಿಬಿಡುತ್ತದೆಂಬ ಭಯದಿಂದಲೇ ದೂರವಾದವರುಂಟು. ಇದಕ್ಕೆ ಶಸ್ತ್ರಕ್ರಿಯೆಯೊಂದೇ ದಾರಿಯಲ್ಲ. ಒಳಗಿಟ್ಟು ಆಧಾರ ಕೊಡುವ ರಿಂಗ್ ಇದೆ, ಪ್ರಾರಂಭದ ಹಂತದಲ್ಲಿ ವ್ಯಾಯಾಮವೂ ಸಾಕಾಗುತ್ತದೆ. ಅಮೆರಿಕದ ಆರ್ನಾಲ್ಡ್ ಕೀಗಲ್ ಎಂಬ ವೈದ್ಯ 1948ರಲ್ಲಿ ವಿವರಿಸಿದ ಆ ವ್ಯಾಯಾಮ ಬೀಡಿ ಕಟ್ಟುತ್ತ ಕುಳಿತಲ್ಲಿಯೇ ಮಾಡಬಹುದಾದದ್ದು: ಮೂತ್ರವನ್ನೂ ವಾಯುವನ್ನೂ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವಷ್ಟು ಹೊತ್ತು ಒಳಕ್ಕೂ ಮೇಲಕ್ಕೂ ಸೆಳೆದು, ಅಷ್ಟೇ ಹೊತ್ತು ಸಡಿಲ ಬಿಡುವುದು; ಹೀಗೆ ಒಮ್ಮೆಗೆ ಹತ್ತು, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳನ್ನು ಬಿಗಿಯಬಾರದು, ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಮೂರು ತಿಂಗಳು ತಾಳ್ಮೆಯಿಂದ ಮಾಡಿದರೆ ಕೆಮ್ಮಿದಾಗ ಮೂತ್ರ ಜಿನುಗುವುದು ಕಡಿಮೆಯಾಗುತ್ತದೆ, ಸುಖಾನುಭವವೂ ಗಾಢವಾಗುವುದೆಂದು ಅನೇಕರು ಹೇಳುತ್ತಾರೆ.

ಇನ್ನು ನಮ್ಮ ಕರಾವಳಿಗೇ ವಿಶಿಷ್ಟವಾದ ಒಂದು ದಾಂಪತ್ಯದ ಮಾತು. ಇಲ್ಲಿನ ಗಂಡಸರು ಮೂರು ತಲೆಮಾರಿನಿಂದ ಮುಂಬಯಿಯ ಹೋಟೆಲುಗಳಿಗೆ ಹೋದರು, ಎಪ್ಪತ್ತರ ದಶಕದಿಂದೀಚೆಗೆ ಗಲ್ಫಿಗೆ ಹೋದರು, ಇಲ್ಲಿಯೇ ಹುಟ್ಟಿ ಬೆಳೆದ ಬ್ಯಾಂಕುಗಳ ನೌಕರರಾಗಿ ಊರೂರಿಗೆ ವರ್ಗವಾಗಿ ಹೋದರು. ವರ್ಷಕ್ಕೆ ಒಂದು ತಿಂಗಳು, ಕೆಲವರು ಎರಡು ವರ್ಷಕ್ಕೊಮ್ಮೆ ಬಂದು ನೇಮಕ್ಕೋ ಮದುವೆಗೋ ಓಡಾಡಿ ಹಿಂದಿರುಗಿದರು. ಹೆಂಡತಿ ತೋಟ ನೋಡಿದಳು, ಆಳುಗಳಿಗೆ ಬಟವಾಡೆ ಮಾಡಿದಳು, ಸೊಸೈಟಿಯ ಸಾಲ ತೀರಿಸಿದಳು, ಮಾವನ ಕೊನೆಗಾಲದಲ್ಲಿ ಮಗ್ಗುಲು ಹೊರಳಿಸಿದಳು. ಮೂವತ್ತೈದು ವರ್ಷಗಳ ದಾಂಪತ್ಯವೆಂದು ಊರು ಎಣಿಸಿದ್ದನ್ನು ಅವರಿಬ್ಬರು ಒಂದೇ ಸೂರಿನಡಿಯ ದಿನಗಳ ಲೆಕ್ಕಕ್ಕಿಳಿಸಿದರೆ ಮೂರು ನಾಲ್ಕು ವರ್ಷಕ್ಕೂ ಮುಟ್ಟುವುದಿಲ್ಲ. ಅರುವತ್ತಾದ ಮೇಲೆ ಆತ ಸಕ್ಕರೆ ಕಾಯಿಲೆಯೊಡನೆ ಊರಿಗೆ ಬಂದು ನೆಲಸಿದಾಗ, ಎದುರಾಗುವವರು ಪರಸ್ಪರ ಮರ್ಯಾದೆಯುಳ್ಳ ಇಬ್ಬರು ಅಪರಿಚಿತರು. ಆತನಿಗೆ ಗೊತ್ತಿರುವುದು ರಜೆಯ ತಿಂಗಳಿನ ಅವಸರ. ಆಕೆಗೆ ಗೊತ್ತಿರುವುದು ಅಕ್ಕಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದ ನೆನಪು. ತನಗೆ ಯಾವುದು ಹಿತವೆಂದು ಆಕೆ ಹೇಳಿದ್ದಿಲ್ಲ, ಆತ ಕೇಳಿದ್ದೂ ಇಲ್ಲ. ಅದೆಷ್ಟೋ ಮಂದಿಗೆ ಅದು ತಮಗೇ ತಿಳಿದಿಲ್ಲ.

ಇಂಥವರು ಸಂಭೋಗದಿಂದ ಪ್ರಾರಂಭಿಸುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ. ಲೈಂಗಿಕ ಚಿಕಿತ್ಸಕರು ಹೇಳುವ ಕ್ರಮವೂ ಅದೇ. ಕೆಲವು ವಾರ ಸಂಭೋಗವನ್ನು ಇಬ್ಬರೂ ಒಪ್ಪಿ ಬದಿಗಿರಿಸಿ, ಕಾಲಿಗೆ ಎಣ್ಣೆ ತಿಕ್ಕುವುದು, ಬೆನ್ನು ನೀವುವುದು, ಒಂದೇ ಹೊದಿಕೆಯಲ್ಲಿ ಸುಮ್ಮನೆ ಮಲಗುವುದು, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಹಿತವಾದ ಸ್ಥಳಕ್ಕೆ ಒಯ್ಯುವುದು, ಇಷ್ಟರಲ್ಲಿಯೇ ಇರಬೇಕು. ಮಾತು ಬಾರದವರಿಗೆ ಕೈಯೇ ಮಾತು. ಆದರೂ “ಸ್ವಲ್ಪ ನಿಧಾನ ಮಾಡಿ”, “ಅಲ್ಲಿ ಬೇಡ, ಇಲ್ಲಿ ಹಿತವಾಗ್ತದೆ” ಎಂಬಷ್ಟನ್ನು ಬಾಯಿಬಿಟ್ಟು ಹೇಳಿದರೆ ಯಾವ ಪಾತಿವ್ರತ್ಯಕ್ಕೂ ಕುಂದಿಲ್ಲ. ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಗಂಡಸಿನ ಉದ್ರೇಕ ಕುಗ್ಗುವುದು ಸಾಮಾನ್ಯ. ಅದನ್ನು ತನ್ನ ಚೆಲುವು ಮಾಸಿದ್ದರ ಫಲವೆಂದು ಹೆಂಡತಿಯೂ, ತನ್ನ ಗಂಡಸುತನದ ಸೋಲೆಂದು ಗಂಡನೂ ತಿಳಿದು ಮೌನವಾಗುವುದರಲ್ಲಿ ಅರ್ಥವಿಲ್ಲ. ಕೈಯಿಂದಲೂ ಬಾಯಿಂದಲೂ ಆಗುವ ಸುಖ ಸುಖವಲ್ಲವೆಂದು ಹೇಳುವವರಿಗೆ ಸ್ತ್ರೀದೇಹದ ಪರಿಚಯ ಸಾಲದು. ಸಿಲ್ಡೆನಾಫಿಲ್ ವರ್ಗದ ಮಾತ್ರೆಗಳು ಬೇಕಾದರೆ ವೈದ್ಯರ ಚೀಟಿಯಿಂದಲೇ ಆಗಬೇಕು. ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಯನ್ನು ಬಳಸುವವರು ಸಿಲ್ಡೆನಾಫಿಲ್ ವರ್ಗದ್ದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಪ್ರಾಣಕ್ಕೇ ಸಂಚಕಾರ. ಆಕೆಯ ಮಾತ್ರೆಗಳನ್ನೂ ನೋಡಬೇಕು: ಖಿನ್ನತೆಗೆ ಕೊಡುವ ಕೆಲವು ಔಷಧಗಳು ಬಯಕೆಯನ್ನೂ ಪರಾಕಾಷ್ಠೆಯನ್ನೂ ತಗ್ಗಿಸುತ್ತವೆ, ನೆಗಡಿ ಅಲರ್ಜಿಯ ಕೆಲವು ಮಾತ್ರೆಗಳು ತೇವವನ್ನು ಒಣಗಿಸುತ್ತವೆ. ತಾನಾಗಿ ನಿಲ್ಲಿಸದೆ, ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಔಷಧಿಗಿಂತ ದುರ್ಲಭವಾದದ್ದು ಬಾಗಿಲು. ದೊಡ್ಡ ಮನೆಗಳ ಚಾವಡಿಯಲ್ಲಿ ಅಜ್ಜನ ಚಾಪೆ, ಒಳಕೋಣೆಯಲ್ಲಿ ಮೊಮ್ಮಕ್ಕಳ ನಡುವೆ ಅ‍ಜ್ಜಿಯ ಚಾಪೆ ಎಂಬ ವ್ಯವಸ್ಥೆ ಮಗಳ ಮದುವೆಯಾದಂದಿನಿಂದ ಯಾರೂ ಹೇಳದೆಯೇ ಜಾರಿಗೆ ಬರುತ್ತದೆ. ಹೊಸ ತಾರಸಿ ಮನೆ ಕಟ್ಟಿಸಿದ ಮಗ, ತನ್ನ ಕೋಣೆಗೆ ಬಚ್ಚಲು ಸೇರಿಸಿಕೊಂಡು, ತಂದೆತಾಯಿಗೆ ಹಾಲಿನ ದಿವಾನನ್ನು ಗೊತ್ತುಮಾಡುತ್ತಾನೆ. ಮಗಳ ಬಾಣಂತನಕ್ಕೆಂದು ಮುಂಬಯಿಗೋ ದುಬೈಗೋ ಹೋದ ತಾಯಿ ಆರು ತಿಂಗಳು ಅಲ್ಲಿಯೇ ಉಳಿದರೆ, ಇಲ್ಲಿ ಗಂಜಿ ಬೇಯಿಸಿಕೊಂಡಿರುವ ಮುದುಕನ ಬಗ್ಗೆ ಎಲ್ಲರೂ ಮರುಗುತ್ತಾರೆ; ಅವರಿಬ್ಬರ ಅಗಲಿಕೆಯ ಬಗ್ಗೆ ಒಬ್ಬರೂ ಯೋಚಿಸುವುದಿಲ್ಲ. ಮೊಮ್ಮಗುವಿಗೆ ಏಳೆಂಟು ವರ್ಷವಾದ ಮೇಲೆ ಬೇರೆ ಮಲಗಿಸುವುದು ಮಗುವಿಗೂ ಒಳ್ಳೆಯದು. ಅಜ್ಜ ಅಜ್ಜಿಯರ ಕೋಣೆಗೆ ಒಳಗಿನಿಂದ ಹಾಕುವ ಒಂದು ಚಿಲಕ ಬೇಕು. ಕಾರಣ ಹೇಳಲು ನಾಚಿಕೆಯಾದರೆ, ಬೆಕ್ಕು ಬರ್ತದೆ ಎಂದರೆ ಸಾಕು.

ಒಂಟಿಯಾಗಿರುವ ಹೆಂಗಸರ ಸಂಖ್ಯೆ ಈ ಪ್ರಾಯದಲ್ಲಿ ದೊಡ್ಡದು. ತನ್ನ ದೇಹವನ್ನು ತಾನೇ ಸ್ಪರ್ಶಿಸಿ ಸುಖಪಡುವುದರಿಂದ ನರ ದೌರ್ಬಲ್ಯವಾಗಲಿ ಕಣ್ಣು ಮಂಜಾಗುವುದಾಗಲಿ ಇಲ್ಲ. ಪ್ರತಿಯಾಗಿ ಆ ಭಾಗದ ರಕ್ತಸಂಚಾರ ಹೆಚ್ಚುತ್ತದೆ, ನಿದ್ರೆ ಒದಗುತ್ತದೆ, ತನಗೆ ಯಾವುದು ಹಿತವೆಂಬ ಅರಿವೂ ಆಗುತ್ತದೆ. ಹೆಣ್ಣಿನ ಸಾಂಗತ್ಯದಲ್ಲಿಯೇ ಹಿತ ಕಂಡವರಿಗೂ 2018ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಕಾನೂನಿನ ಭಯವಿಲ್ಲ. ವಿಧವೆಯ ಮರುವಿವಾಹ ಅಳಿಯಕಟ್ಟಿನ ಕುಟುಂಬಗಳಿಗೆ ಹೊಸದಲ್ಲ. ಬ್ಯಾರಿ ಮುಸಲ್ಮಾನರಲ್ಲಿಯೂ ಕ್ರೈಸ್ತರಲ್ಲಿಯೂ ಧರ್ಮದ ಅಡ್ಡಿಯಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಸತ್ತ ಗಂಡನಿಂದ ಬಂದ ಪಾಲು ಆಕೆಯ ಸ್ವಂತ ಸೊತ್ತು, ಮರುಮದುವೆಯಾದರೂ ಅದು ಕೈಬಿಟ್ಟು ಹೋಗದು. ಪಿಂಚಣಿಯ ಮಾತು ಬೇರೆ: 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ವಿಧವೆಗೆ ಬರುವ ಹಣ ಮರುವಿವಾಹದೊಡನೆ ನಿಲ್ಲುತ್ತದೆ, ಸರಕಾರದ ವಿಧವಾ ವೇತನವೂ ನಿಲ್ಲುತ್ತದೆ. ಹೊಸ ಮನೆ ಹೊಗುವ ಮೊದಲು ಈ ಲೆಕ್ಕವನ್ನು ಒಬ್ಬ ವಕೀಲರ ಮುಂದಿಡುವುದು ವಿವೇಕ. ಹೊಸ ಸಂಗಾತಿಯಾದರೆ ಕಾಂಡೋಮ್ ಬೇಕು. ಬಸಿರಾಗುವ ಭಯ ಹೋದರೂ ರೋಗದ ಭಯ ಹೋಗಿರುವುದಿಲ್ಲ, ತೆಳುವಾದ ಒಳಪದರಕ್ಕೆ ಸೋಂಕು ತಗಲುವುದು ಇನ್ನಷ್ಟು ಸುಲಭ. ಬಸಿರಿನ ಭಯವೂ ಮುಟ್ಟು ತಪ್ಪಿದೊಡನೆ ಹೋಗುವಂಥದಲ್ಲ: ಐವತ್ತು ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ, ಐವತ್ತರೊಳಗಿನವರು ಎರಡು ವರ್ಷ ಎಚ್ಚರದಿಂದಿರಬೇಕು.

ಇಷ್ಟೆಲ್ಲ ಓದಿ, ತನಗೆ ಇದಾವುದೂ ಬೇಡವೆನ್ನಿಸಿದರೆ ಅದು ರೋಗವಲ್ಲ. ಮಕ್ಕಳು, ಭಜನೆ, ತೋಟ, ಒಳ್ಳೆಯ ನಿದ್ರೆ, ಇವುಗಳಲ್ಲಿ ತೃಪ್ತಳಾದವಳನ್ನು ಹೊಸ ಕಾಲದ ಹೆಸರಿನಲ್ಲಿ ಬಲವಂತಕ್ಕೆ ಗುರಿಮಾಡುವುದು ಹಳೆಯ ನಿಷೇಧದಷ್ಟೇ ಅನ್ಯಾಯ. ಜೀವಮಾನವೆಲ್ಲ ಒಲ್ಲದ ಮನಸ್ಸಿನಿಂದ ಒಡ್ಡಿಕೊಂಡವಳಿಗೆ ಮುಟ್ಟು ನಿಂತದ್ದೇ ಬಿಡುಗಡೆಯಾಗಿ ಕಂಡರೆ ಆಶ್ಚರ್ಯವೇನು? ಪ್ರಾಯ ಎಷ್ಟೇ ಆಗಿರಲಿ, ಮನೆಯೊಳಗಿನ ಲೈಂಗಿಕ ಬಲಾತ್ಕಾರ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ; ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಅದರ ಸಂರಕ್ಷಣಾಧಿಕಾರಿಗಳು, ಮಹಿಳಾ ಸಹಾಯವಾಣಿಯ ಸಂಖ್ಯೆ 181, ಹಿರಿಯ ನಾಗರಿಕರದು 14567. ಮನಸ್ಸಿನ ಭಾರವನ್ನು ಹೆಸರು ಹೇಳದೆ ಇಳಿಸಿಕೊಳ್ಳಬೇಕೆಂದವರಿಗೆ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ವೈದ್ಯರ ಬಳಿಗೆ ತಡಮಾಡದೆ ಹೋಗಬೇಕಾದ ಲಕ್ಷಣಗಳಲ್ಲಿ ಮೊದಲನೆಯದು ರಕ್ತ. ಮುಟ್ಟು ನಿಂತು ವರ್ಷ ಕಳೆದ ಮೇಲೆ, ಕೂಡಿದ ನಂತರವಾಗಲಿ ಸುಮ್ಮನೆಯಾಗಲಿ, ಒಂದು ಕಲೆಯಷ್ಟು ರಕ್ತ ಕಂಡರೂ ಪರೀಕ್ಷೆಯಾಗಲೇಬೇಕು. ಹೆಚ್ಚಿನವರಲ್ಲಿ ಅದು ಶುಷ್ಕತೆಯ ಫಲವೇ ಆಗಿದ್ದರೂ, ಗರ್ಭಕೋಶದ ಕ್ಯಾನ್ಸರ್ ಗುಣವಾಗುವ ಹಂತದಲ್ಲಿಯೇ ಸುಳಿವು ಕೊಡುವುದು ಹೀಗೆಯೇ. ಗಂಟು, ದುರ್ವಾಸನೆಯ ಸ್ರಾವ, ಮಾಯದ ಹುಣ್ಣು, ಬಿಳಿಚಿಕೊಂಡು ತುರಿಸುವ ಚರ್ಮ, ಇವೂ ಕಾಯಬಾರದವು. ಉಳಿದವರ ಕಷ್ಟ ಬಾಯಿ ತೆರೆಯುವುದರಲ್ಲಿದೆ. ಹೊರರೋಗಿ ಕೋಣೆಯಲ್ಲಿ ಮೊಣಕಾಲು ತೋರಿಸಿ, ಬಿಪಿ ನೋಡಿಸಿ, ಚೀಟಿ ಮಡಚಿ ಎದ್ದು, ಬಾಗಿಲ ಪರದೆಯನ್ನು ಹಿಡಿದುಕೊಂಡು ತಿರುಗಿ, “ಮತ್ತೆ ಇನ್ನೊಂದು...” ಎಂದು ರಾಗ ಎಳೆಯುವುದು ನಮ್ಮ ಹೆಂಗಸರ ರೂಢಿ, ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿರುತ್ತದೆ. ಕುಳಿತೊಡನೆ ಹೀಗೆ ಹೇಳಿದರೆ ಸಾಕು: “ಡಾಕ್ಟ್ರೇ, ಮುಟ್ಟು ನಿಂತು ಎಂಟು ವರ್ಷ ಆಯ್ತು. ಕೆಳಗೆ ಒಣಗಿದ ಹಾಗೆ ಆಗ್ತದೆ, ಇವರ ಜೊತೆ ಸೇರುವಾಗ ನೋವು. ಹಚ್ಚುವ ಮದ್ದು ಉಂಟಾ?” ನಾಲಗೆ ಏಳದವರು ಇದನ್ನೇ ಚೀಟಿಯಲ್ಲಿ ಬರೆದು ಮುಂದಿಡಬಹುದು. “ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ” ಎನ್ನುವ ವೈದ್ಯರು ಸಿಕ್ಕಿದರೆ, ಬೇರೆ ವೈದ್ಯರನ್ನು ಹುಡುಕುವುದು ಅವಿನಯವಲ್ಲ. ಬಂಟ್ವಾಳ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗಳಲ್ಲಿಯೂ ಮೂಡುಬಿದಿರೆಯ ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ ವಿಚಾರಿಸಬಹುದು. ಪರಿಚಯದವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದವರಿಗೆ ಮಂಗಳೂರಿನ ಲೇಡಿಗೋಷನ್ ಸರಕಾರಿ ಹೆಂಗಸರ ಆಸ್ಪತ್ರೆಯ ಜನಸಂದಣಿಯೇ ಮರೆ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ಆಯುರ್ವೇದದ್ದನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು; ಜೊತೆಗೆ ಬಂದ ಮಗನನ್ನೋ ಸೊಸೆಯನ್ನೋ ಹೊರಗಿನ ಬೆಂಚಿನಲ್ಲಿ ಕೂರಿಸಿ ಒಬ್ಬರೇ ಒಳಗೆ ಹೋಗುವುದು ಒಳ್ಳೆಯದು.